ಹೃದಯದ ಸುತ್ತ ಕೊಬ್ಬು, ತಾಳ ತಪ್ಪಿದ ಬಡಿತ: ಒಂದು ಕೊಯ್ಲಿನಿಂದ ಇನ್ನೊಂದರವರೆಗಿನ ಓಡಾಟ

ಮೊನ್ನೆ ಒಂದು ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಕೇಳಿದರು: "ನಿಮ್ಗೆ ಹಾರ್ಟಲ್ಲಿ ಕೊಬ್ಬು ಕಟ್ಕೊಂಡು ಬ್ಲಾಕ್ ಆಗಿತ್ತಂತೆ, ಸ್ಟೆಂಟ್ ಎಷ್ಟು ಹಾಕಿದ್ರು?" ಬ್ಲಾಕೂ ಇಲ್ಲ, ಸ್ಟೆಂಟೂ ಇಲ್ಲ ಮಾರಾಯ್ರೇ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಪಾಯಸ ಬೇರೆ ನನ್ನ ಎಲೆಗೆ ಬಡಿಸಬೇಡಿ ಅಂತ ಬಡಿಸುವವನಿಗೆ ಹೇಳಿದರು.

ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ನನ್ನದು ಹೃದಯದ ಬಡಿತದ ತಾಳ ತಪ್ಪುವ ತೊಂದರೆ. ಡಾಕ್ಟರುಗಳು ಏಟ್ರಿಯಲ್ ಫಿಬ್ರಿಲೇಶನ್ ಅನ್ನುತ್ತಾರೆ, ಚಿಕ್ಕದಾಗಿ ಎಎಫ್. ಅದಕ್ಕೆ ಇಂಬು ಕೊಟ್ಟಿದ್ದರಲ್ಲಿ ಹೃದಯದ ಹೊರಮೈಗೆ ಅಂಟಿಕೊಂಡ ಕೊಬ್ಬೂ ಒಂದು. ರಕ್ತನಾಳದ ಒಳಗೆ ಕಟ್ಟಿಕೊಳ್ಳುವ ಕೊಬ್ಬೇ ಬೇರೆ, ಇದೇ ಬೇರೆ. ಇಷ್ಟು ನನ್ನ ತಲೆಗೆ ಹೋಗುವಷ್ಟರಲ್ಲಿ ಸುಮಾರು ದುಡ್ಡು, ಸುಮಾರು ನಿದ್ದೆ ಎರಡೂ ಹೋದವು.

ನನಗೆ 54. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ, ಸ್ವಲ್ಪ ಗದ್ದೆ. ನೋಡಿದವರು ಯಾರೂ ದಪ್ಪ ಅನ್ನುವುದಿಲ್ಲ. ಕೈಕಾಲು ಸಪೂರ, ಹೊಟ್ಟೆ ಮಾತ್ರ ಮುಂದೆ. ಬಿಪಿ ಮಾತ್ರೆ ಕೆಲವು ವರ್ಷದಿಂದ ಇದೆ.

ಕೊಯ್ಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ನಿದ್ದೆಗೆ ಲೆಕ್ಕ ಇರುವುದಿಲ್ಲ. ಹಗಲು ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗಾರರ ಹಿಂದೆ ಓಡಾಟ, ಸಂಜೆ ಸುಲಿಯುವವರು, ರಾತ್ರಿ ಹಂಡೆಯಲ್ಲಿ ಅಡಿಕೆ ಬೇಯಿಸುವುದು. ಅಂಥ ಒಂದು ರಾತ್ರಿ ಒಲೆಗೆ ಕುಂಟೆ ತಳ್ಳಿ ಎದ್ದು ನಿಂತಾಗ ಎದೆಯೊಳಗೆ ದಬದಬ ಶುರುವಾಯಿತು. ನೋವಿಲ್ಲ. ಆದರೆ ಹೃದಯ ಒಮ್ಮೆ ಓಡುತ್ತದೆ, ಒಮ್ಮೆ ತಡೆಯುತ್ತದೆ, ಮತ್ತೆ ಎರಡು ಏಟು ಒಟ್ಟಿಗೆ ಬೀಳುತ್ತದೆ. ಮೈ ತಣ್ಣಗೆ ಬೆವರಿತು. ಹೆಂಡತಿ ಗ್ಯಾಸ್ ಇರಬಹುದು ಅಂತ ಜೀರಿಗೆ ಕಷಾಯ ಕೊಟ್ಟಳು. ಬೆಳಗಿನ ಜಾವ ಅದಾಗಿಯೇ ನಿಂತಿತು. ಬೆಳಗ್ಗೆ ಹೋಗಿ ಇಸಿಜಿ ತೆಗೆಸಿದರೆ ಪೂರ್ತಿ ನಾರ್ಮಲ್. ಅಸಿಡಿಟಿ ಮಾತ್ರೆ ಕೊಟ್ಟು ಕಳಿಸಿದರು.

ಇದೇ ಈ ಕಾಯಿಲೆಯ ದೊಡ್ಡ ಕಿರಿಕಿರಿ. ಶುರುವಿನಲ್ಲಿ ಇದು ಬಂದು ಹೋಗುತ್ತದೆ. ಬಂದಾಗ ಇಸಿಜಿ ಇಲ್ಲ, ಇಸಿಜಿ ಇದ್ದಾಗ ಅದಿಲ್ಲ. ಅಲ್ಲಿದ್ದ ನರ್ಸಮ್ಮ ಒಬ್ಬರು ಹೊರಡುವಾಗ ಹೇಳಿದ ಮಾತು ನನಗೆ ಆಮೇಲೆ ಎಷ್ಟೋ ಉಪಕಾರ ಮಾಡಿತು. "ಮುಂದಿನ ಸಲ ಬಂದಾಗ ನಿಲ್ಲೋವರೆಗೆ ಕಾಯ್ಬೇಡಿ. ಹೊಡ್ಕೊಳ್ತಾ ಇರೋವಾಗ್ಲೇ ಬನ್ನಿ, ಎಷ್ಟು ಹೊತ್ತಾದ್ರೂ ಸರಿ." ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ನೋಡುವುದನ್ನೂ ಅವರೇ ತೋರಿಸಿದರು. ಒಂದು ನಿಮಿಷ ಪೂರ್ತಿ ಎಣಿಸಬೇಕು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಈ ಕಾಯಿಲೆಯಲ್ಲಿ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ.

ಎರಡನೇ ಸಲ ಬಂದದ್ದು ಸಂಜೆ ಹೊತ್ತು. ಪಕ್ಕದ ಮನೆ ಹುಡುಗ ಜೀಪಿನಲ್ಲಿ ಕೂರಿಸಿಕೊಂಡು ತೀರ್ಥಹಳ್ಳಿಗೆ ಬಿಟ್ಟ. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ, ಆಸ್ಪತ್ರೆ ಮುಟ್ಟುವ ಮೊದಲು ಇದು ನಿಂತುಬಿಟ್ಟರೆ ಏನು ಮಾಡುವುದು ಅಂತ! ನಿಲ್ಲಲಿಲ್ಲ. ಡ್ಯೂಟಿ ಡಾಕ್ಟರ್ ಇಸಿಜಿ ಪಟ್ಟಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಎತ್ತರದ ಚೂಪು ಗೆರೆಗಳು ಒಂದು ಹತ್ತಿರ, ಒಂದು ದೂರ, ಯಾವ ಲೆಕ್ಕಕ್ಕೂ ಸಿಗದ ಹಾಗೆ. ಪ್ರತಿ ಚೂಪು ಗೆರೆಗೂ ಮೊದಲು ಒಂದು ಸಣ್ಣ ಗುಡ್ಡೆ ಬರಬೇಕಂತೆ, ಪಿ ಅಲೆ ಅಂತ ಅದರ ಹೆಸರು. ನನ್ನದರಲ್ಲಿ ಅದು ಎಲ್ಲೂ ಇಲ್ಲ, ಬರೀ ನಡುಗುವ ಗೆರೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಸುಮ್ನೆ ನಡುಗುತ್ತಿವೆ, ಅದಕ್ಕೆ ಕೆಳಗಿನ ಕೋಣೆಗಳು ತಾಳ ಇಲ್ಲದೆ ಬಡಿಯುತ್ತಿವೆ ಅಂದರು. ಬಡಿತದ ವೇಗ ತಗ್ಗಿಸುವ ಮಾತ್ರೆ ಕೊಟ್ಟು ರಾತ್ರಿ ಅಲ್ಲೇ ಇರಿಸಿಕೊಂಡು, ಶಿವಮೊಗ್ಗದ ಹೃದಯ ತಜ್ಞರಿಗೆ ಚೀಟಿ ಬರೆದುಕೊಟ್ಟರು.

ಆ ಇಸಿಜಿ ಪಟ್ಟಿಯನ್ನು ಜೋಪಾನ ಮಾಡಿ. ಹಲವು ಕಡೆ ಬಳಸುವುದು ಬಿಸಿಯಿಂದ ಅಚ್ಚಾಗುವ ಕಾಗದ, ದಿನ ಕಳೆದಂತೆ ಗೆರೆ ಮಾಸುತ್ತದೆ. ನಮ್ಮ ಕಡೆಯ ಮಳೆಗಾಲದ ತೇವದಲ್ಲಂತೂ ಕೇಳುವುದೇ ಬೇಡ. ಅವತ್ತೇ ಫೋನಲ್ಲಿ ಫೋಟೋ ತೆಗೆದು, ಮಾರನೇ ದಿನ ಒಂದು ಜೆರಾಕ್ಸ್ ಮಾಡಿಸಿಡಿ. ಆಮೇಲೆ ಹೋದಲ್ಲೆಲ್ಲ ಮೊದಲು ಕೇಳಿದ್ದು ಅದನ್ನೇ.

ಶಿವಮೊಗ್ಗಕ್ಕೆ ನಮ್ಮಿಂದ ಅರವತ್ತು ಕಿಲೋಮೀಟರ್ ಚಿಲ್ಲರೆ. ಟೋಕನ್ ಬೆಳಗ್ಗೆ ಬೇಗ ಕೊಡುತ್ತಾರೆ ಅಂತ ಮೊದಲ ಬಸ್ಸಿಗೇ ಹೊರಟೆವು. ಮಂಡಗದ್ದೆ, ಸಕ್ರೆಬೈಲು, ಗಾಜನೂರು ಎಲ್ಲ ಮಂಜಲ್ಲೇ ದಾಟಿತು. ನಮ್ಮ ಸರದಿ ಬಂದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಚಿಕ್ಕವರಿದ್ದಾಗ ಕೀಲು ಬಾತು ಜ್ವರ ಬಂದಿತ್ತಾ, ಗೌಡ್ರೇ?" ಸಂಧಿವಾತದ ಜ್ವರ ಬಂದ ಕೆಲವರಿಗೆ ಮುಂದೆ ಹೃದಯದ ಕವಾಟ ಕಿರಿದಾಗುತ್ತದೆ, ಅದರಿಂದಲೂ ಎಎಫ್ ಬರಬಹುದು. ನಮ್ಮ ಚಿಕ್ಕಮ್ಮನಿಗೆ ಆಗಿದ್ದು ಅದೇ. ನನಗೆ ಹಾಗೇನೂ ಇರಲಿಲ್ಲ. ಥೈರಾಯ್ಡ್, ಸಕ್ಕರೆ, ಕಿಡ್ನಿ, ಪೊಟ್ಯಾಶಿಯಂ ಪರೀಕ್ಷೆ ಬರೆದರು. ಥೈರಾಯ್ಡ್ ಜಾಸ್ತಿಯಾದರೂ ಹೃದಯ ಹೀಗೆ ಕುಣಿಯುತ್ತದಂತೆ. ಜೊತೆಗೆ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್. ಅವರಲ್ಲಿ ಎಕೋಗೆ ಅವತ್ತು ಜಾಗ ಇರಲಿಲ್ಲ. ಮತ್ತೆ ಬರುವುದು ಯಾಕೆ ಅಂತ ನಾವು ಹೊರಗಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಮಾಡಿಸಿದೆವು. ಎರಡು ಸಾವಿರದ ಒಳಗೆ ಆಯಿತು.

ನಮ್ಮ ಜೀವ ಹಿಂಡಿದ್ದು ಆ ರಿಪೋರ್ಟು. ಹೃದಯದ ಸುತ್ತ ಸ್ವಲ್ಪ ನೀರು ತುಂಬಿದೆ ಅಂತ ಅದರಲ್ಲಿತ್ತು. ಡಾಕ್ಟರು ಅಷ್ಟು ಹೊತ್ತಿಗೆ ಹೊರಟಾಗಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ಮಗಳಿಗೆ ಬೆಂಗಳೂರಿಗೆ ಫೋಟೋ ಕಳಿಸಿದೆ. ಅವಳು ಅದನ್ನು ಯಾರಿಗೋ ತೋರಿಸಿ, ಟಿಬಿಯಿಂದಲೂ ಹಾಗೆ ನೀರು ಬರುತ್ತದಂತೆ, ಕ್ಯಾನ್ಸರಿನಿಂದಲೂ ಬರುತ್ತದಂತೆ ಅಂತ ಕೇಳಿಕೊಂಡು ಅಳುತ್ತಾ ಫೋನ್ ಮಾಡಿದಳು. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಹೆಂಡತಿ ಧರ್ಮಸ್ಥಳಕ್ಕೆ ಹರಕೆ ಹೊತ್ತಳು. ಭಾವ ಬಂದು ಜಗಲಿಯಲ್ಲಿ ಕೂತು, ಏನೂ ಮಾತಾಡದೆ ಎರಡು ಕವಳ (ಎಲೆಅಡಿಕೆ) ಹಾಕಿ ಎದ್ದು ಹೋದ.

ಮುಂದಿನ ಸರದಿಯಲ್ಲಿ ಡಾಕ್ಟರ್ ರಿಪೋರ್ಟ್ ಓದಿ, ನನ್ನನ್ನು ಮತ್ತೆ ಮಂಚದ ಮೇಲೆ ಎಡಮಗ್ಗುಲಿಗೆ ಮಲಗಿಸಿ ತಾವೇ ಎಕೋ ಮಾಡಿದರು. ಎದೆಗೆ ಹಚ್ಚುವ ಜೆಲ್ ಜನವರಿ ಚಳಿಗೆ ಮಂಜುಗಡ್ಡೆ. ಸುಮಾರು ಹೊತ್ತು ನೋಡಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬಲಗಡೆ ಕೋಣೆಯ ಗೋಡೆಯ ಮುಂದೆ ಒಂದು ಮಬ್ಬು ಪಟ್ಟಿ. "ನೋಡಿ, ಇದ್ರೊಳಗೆ ಸಣ್ಣ ಸಣ್ಣ ಚುಕ್ಕೆ ಕಾಣ್ತವಲ್ಲ? ಹೃದಯ ಬಡಿದ ಹಾಗೆ ಇದೂ ಜೊತೆಗೇ ಅಲ್ಲಾಡುತ್ತೆ. ನೀರಾದ್ರೆ ಪೂರ್ತಿ ಕಪ್ಪು ಇರ್ತಿತ್ತು. ಇದು ಕೊಬ್ಬು." ಎಕೋದಲ್ಲಿ ಈ ಕೊಬ್ಬನ್ನು ನೀರು ಅಂದುಕೊಳ್ಳುವುದು ಆಗಾಗ ಆಗುತ್ತದಂತೆ. ಕವಾಟ ಚೆನ್ನಾಗಿದೆ, ಪಂಪಿಂಗ್ ಚೆನ್ನಾಗಿದೆ, ಎಡಗಡೆ ಮೇಲಿನ ಕೋಣೆ ಮಾತ್ರ ಸ್ವಲ್ಪ ಹಿಗ್ಗಿದೆ ಅಂದರು.

ಹೆಂಡತಿ ತಕ್ಷಣ ಕೇಳಿದಳು, "ಹಾಗಾದ್ರೆ ಆ ಕೊಬ್ಬು ತೆಗೆದುಬಿಡಿ ಸಾರ್, ಆಪರೇಶನ್ ಆದ್ರೂ ಪರವಾಗಿಲ್ಲ." ಡಾಕ್ಟರ್ ನಕ್ಕು, ಅದನ್ನು ಕತ್ತರಿಸಿ ತೆಗೆಯುವ ಚಿಕಿತ್ಸೆ ಇಲ್ಲಮ್ಮ ಅಂತ ಕೂತು ವಿವರಿಸಿದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವರು ಕೊಟ್ಟ ಆ ಹೊತ್ತನ್ನು ನಾನು ಮರೆಯುವುದಿಲ್ಲ.

ಎಲ್ಲರ ಹೃದಯದ ಮೇಲೂ ಸ್ವಲ್ಪ ಕೊಬ್ಬು ಇದ್ದೇ ಇರುತ್ತದೆ. ಸಪೂರ ಇದ್ದವರಿಗೂ. ಎಪಿಕಾರ್ಡಿಯಲ್ ಫ್ಯಾಟ್ ಅಂತ ಅದರ ಹೆಸರು. ಹೃದಯದ ಮಾಂಸಖಂಡಕ್ಕೂ ಅದರ ಹೊರಪೊರೆಗೂ ನಡುವೆ ಇರುತ್ತದೆ. ಹದವಾಗಿದ್ದರೆ ಅದರಿಂದ ಉಪಕಾರವೇ, ರಕ್ತನಾಳಗಳಿಗೆ ಮೆತ್ತೆ, ಹೃದಯಕ್ಕೆ ಬೇಕಾದಾಗ ಇಂಧನ. ಜಾಸ್ತಿಯಾದರೆ ತೊಂದರೆ. ಹೊಟ್ಟೆಯೊಳಗೆ ಕೊಬ್ಬು ಸೇರಿದವರಿಗೆ ಇಲ್ಲೂ ಸೇರುವುದು ಹೆಚ್ಚು. ಈ ಕೊಬ್ಬಿಗೂ ಹೃದಯದ ಮಾಂಸಖಂಡಕ್ಕೂ ನಡುವೆ ಬೇರೆ ಪೊರೆ ಇಲ್ಲ, ಎರಡಕ್ಕೂ ರಕ್ತ ಬರುವುದೂ ಒಂದೇ ಮೂಲದಿಂದ. ಹಾಗಾಗಿ ಕೊಬ್ಬು ಉರಿಯೂತ ತರುವ ಪದಾರ್ಥ ಸುರಿಸಿದರೆ ಅದು ನೇರ ಪಕ್ಕದ ಮಾಂಸಖಂಡಕ್ಕೇ ಇಳಿಯುತ್ತದೆ. ಮೇಲಿನ ಕೋಣೆಗಳ ಗೋಡೆ ತೆಳು. ಅಲ್ಲಿ ಕ್ರಮೇಣ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಕೊಬ್ಬಿನ ಎಳೆಗಳೂ ಮಾಂಸಖಂಡದ ನಡುವೆ ನುಗ್ಗುತ್ತವೆ. ಹೃದಯ ಬಡಿಯುವುದು ಕರೆಂಟಿನಿಂದ ತಾನೇ? ಆ ಕರೆಂಟು ಸರಾಗ ಹರಿಯಲು ಆಗುವುದಿಲ್ಲ. ನಾನು ಇದನ್ನು ಅರ್ಥ ಮಾಡಿಕೊಂಡದ್ದು ತೋಟದ ಲೆಕ್ಕದಲ್ಲಿ. ಬಸಿಗಾಲುವೆಗೆ ಅಲ್ಲಲ್ಲಿ ಸೋಗೆ ಬಿದ್ದರೆ ನೀರು ಒಂದು ದಾರಿ ಬಿಟ್ಟು ಹತ್ತು ಕಡೆ ನುಗ್ಗಿ, ತಿರುಗಿ ತಿರುಗಿ ಅಲ್ಲೇ ಸುತ್ತುತ್ತದಲ್ಲ, ಹಾಗೆ. ಇದರ ಜೊತೆಗೆ, ಬಡಿತವನ್ನು ಏರಿಸಿ ಇಳಿಸುವ ನರಗಳ ಗಂಟುಗಳು ಇರುವುದೂ ಈ ಕೊಬ್ಬಿನೊಳಗೇ ಅಂತೆ.

ಹಾಗಂತ ಕೊಬ್ಬು ಇದ್ದವರಿಗೆಲ್ಲ ಎಎಫ್ ಬರುವುದಿಲ್ಲ, ಎಎಫ್ ಬಂದವರಿಗೆಲ್ಲ ಕೊಬ್ಬೇ ಕಾರಣ ಅಲ್ಲ. ಇದನ್ನು ಡಾಕ್ಟರ್ ಒತ್ತಿ ಹೇಳಿದರು. ವಯಸ್ಸು, ಬಿಪಿ, ಗೊರಕೆ, ಕುಡಿತ, ಸಕ್ಕರೆ ಎಲ್ಲ ಸೇರಿ ಆಗುವ ಕೆಲಸ. ಆದರೆ ನಂಟು ಇರುವುದು ನಿಜ. ಮಗಳು ಆಮೇಲೆ ಹುಡುಕಿ ಓದಿದಳು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನುವ ಊರಿನಲ್ಲಿ 1948ರಿಂದ ಜನರ ಹೃದಯದ ಲೆಕ್ಕ ಇಡುತ್ತಾ ಬಂದಿದ್ದಾರೆ. ಅಲ್ಲಿನವರ ಸಿಟಿ ಸ್ಕ್ಯಾನ್ ನೋಡಿ 2010ರಲ್ಲಿ ಬರೆದದ್ದು ಏನೆಂದರೆ, ಹೃದಯದ ಸುತ್ತ ಕೊಬ್ಬು ಜಾಸ್ತಿ ಇದ್ದವರಲ್ಲಿ ಎಎಫ್ ಹೆಚ್ಚು, ಮೈತೂಕದ ಲೆಕ್ಕ ಕಳೆದು ನೋಡಿದರೂ ಹೆಚ್ಚೇ. ನನ್ನಂಥ ಕೈಕಾಲು ಸಪೂರದ ಹೊಟ್ಟೆಯವರು ಯಾಕೆ ಸಿಕ್ಕಿಬೀಳುತ್ತೇವೆ ಅನ್ನುವುದಕ್ಕೆ ಅದರಲ್ಲಿ ಸುಳಿವಿದೆ. ಭಾರತದ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಒಳಗೆ, ಹೆಂಗಸರಿಗೆ 80ರ ಒಳಗೆ ಇರಬೇಕು. ಡಾಕ್ಟರ್ ಟೇಪ್ ಹಿಡಿದಾಗ ನನ್ನದು 101.

ಬಡಿತವನ್ನು ಬಿಡದೆ ಬರೆದುಕೊಳ್ಳುವ ಹೋಲ್ಟರ್ ಅನ್ನುವ ಡಬ್ಬಿಯನ್ನು 24 ಗಂಟೆ ಎದೆಗೆ ಕಟ್ಟಿದರು. ಸ್ನಾನ ಮಾಡುವಂತಿಲ್ಲ. ಮನೆಗೆ ಬಂದು ಮತ್ತೆ ಕೊಡಲು ಹೋಗುವುದು ರಗಳೆ ಅಂತ ಶಿವಮೊಗ್ಗದಲ್ಲೇ ವಿನೋಬನಗರದ ನೆಂಟರ ಮನೆಯಲ್ಲಿ ಉಳಿದೆವು. ಹಳ್ಳಿಯಿಂದ ಬರುವವರು ಇದನ್ನು ಮೊದಲೇ ಯೋಚಿಸಿ ಬಟ್ಟೆ ತನ್ನಿ, ಮುಂದೆ ಗುಂಡಿ ಇರುವ ಅಂಗಿಯಾದರೆ ಸಲೀಸು. ಆ ಹಗಲು ನನಗೆ ಏನೂ ಆಗಲಿಲ್ಲ, ದುಡ್ಡು ದಂಡ ಅಂದುಕೊಂಡೆ. ರಿಪೋರ್ಟ್ ಬಂದರೆ ರಾತ್ರಿ ಗಾಢ ನಿದ್ದೆಯಲ್ಲಿ ಹಲವು ಸಲ ತಾಳ ತಪ್ಪಿದೆ! ಡಾಕ್ಟರ್ ನನ್ನ ಬಿಟ್ಟು ಹೆಂಡತಿಯನ್ನು ಕೇಳಿದರು, "ಗೊರಕೆ ಹೊಡೀತಾರಾ?" ಅವಳು ಮೂವತ್ತು ವರ್ಷದ ದೂರನ್ನು ಅಲ್ಲೇ ಬಿಚ್ಚಿದಳು. ನಡುವೆ ಉಸಿರೇ ನಿಂತ ಹಾಗಾಗುತ್ತೆ, ಆಮೇಲೆ ಒಮ್ಮೆಲೇ ಎಳೀತಾರೆ ಅಂದಳು. ಡಾಕ್ಟರ್ ಅದನ್ನು ಬರೆದುಕೊಂಡರು.

ಎದೆ ಹಿಡಿದ ಹಾಗೆ ಆಗುತ್ತಿತ್ತು ಅಂತಲೂ ನಾನು ಹೇಳಿದ್ದರಿಂದ, ಬ್ಲಾಕ್ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಲು ಹೃದಯದ ರಕ್ತನಾಳದ ಸಿಟಿ ಸ್ಕ್ಯಾನ್ ಬರೆದರು. ನೀರೋ ಕೊಬ್ಬೋ ಅನ್ನುವುದೂ ಅದರಲ್ಲೇ ಇತ್ಯರ್ಥವಾಗುತ್ತದೆ. ನಮಗೆ ಮಣಿಪಾಲ ಹತ್ತಿರ, ಆಗುಂಬೆ ಘಾಟಿ ಇಳಿದರೆ ಆಯಿತು. ಸ್ಕ್ಯಾನಿಗೆ ಮೊದಲು ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಿಪೋರ್ಟ್ ಬೇಕು, ಡೈ ಕೊಡುತ್ತಾರಲ್ಲ, ಅದಕ್ಕೆ. ಬಡಿತ ನಿಧಾನ ಇರಬೇಕು ಅಂತ ಮಾತ್ರೆ ಕೊಟ್ಟು ಕೂರಿಸುತ್ತಾರೆ. ಡೈ ಹೋಗುವಾಗ ಮೈಯೆಲ್ಲ ಬಿಸಿಯಾಗುತ್ತದೆ, ಬಟ್ಟೆಯಲ್ಲೇ ಮೂತ್ರ ಹೋಯಿತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ, ಹೆದರಬೇಡಿ. ಸುಮಾರು ಒಂಬತ್ತು ಸಾವಿರ ಆಯಿತು. ರಕ್ತನಾಳಗಳು ಸ್ವಚ್ಛ. ಸಿಟಿಯಲ್ಲಿ ಒಂದೊಂದು ಪದಾರ್ಥಕ್ಕೂ ಒಂದೊಂದು ಅಂಕಿ ಇದೆ. ನೀರಿಗೆ ಸೊನ್ನೆ, ಕೊಬ್ಬಿಗೆ ಸೊನ್ನೆಗಿಂತ ಕೆಳಗೆ. ನನ್ನ ಹೃದಯದ ಸುತ್ತ ಇದ್ದದ್ದು ಸೊನ್ನೆಗಿಂತ ಎಷ್ಟೋ ಕೆಳಗಿನದು. ಕೊಬ್ಬು ಅಂತ ಗ್ಯಾರಂಟಿಯಾಗಿದ್ದಕ್ಕೆ ಸಂತೋಷಪಟ್ಟವರು ನಮ್ಮ ಮನೆಯವರೇ ಇರಬೇಕು.

ಕೊಬ್ಬಿನ ಗಲಾಟೆಯಲ್ಲಿ ಎಲ್ಲರೂ ಮರೆಯುವ ವಿಷಯ ಒಂದಿದೆ, ಡಾಕ್ಟರ್ ಒಬ್ಬರನ್ನು ಬಿಟ್ಟು. ಎಎಫ್‌ನಲ್ಲಿ ನಿಜವಾಗಿ ಹೆದರಬೇಕಾದದ್ದು ಪಾರ್ಶ್ವವಾಯುವಿಗೆ. ಮೇಲಿನ ಕೋಣೆ ಹಿಂಡದೆ ನಡುಗುತ್ತಿದ್ದರೆ ರಕ್ತ ಅಲ್ಲಿ ಮಡುಗಟ್ಟುತ್ತದೆ. ಎಡಗಡೆ ಕೋಣೆಗೆ ಒಂದು ಸಣ್ಣ ಚೀಲದಂಥ ಮೂಲೆ ಇದೆ, ಹೆಪ್ಪು ಕಟ್ಟುವುದು ಹೆಚ್ಚಾಗಿ ಅಲ್ಲಿ. ಅದು ಕಿತ್ತು ಮಿದುಳಿಗೆ ಹೋದರೆ ಮುಗಿಯಿತು. ಎಎಫ್ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು. ವಯಸ್ಸು, ಬಿಪಿ, ಸಕ್ಕರೆ, ಹಿಂದೆ ಸ್ಟ್ರೋಕ್ ಆಗಿದೆಯಾ ಅಂತೆಲ್ಲ ಅಂಕ ಹಾಕಿ ರಕ್ತ ತೆಳು ಮಾಡುವ ಮಾತ್ರೆ ಬೇಕಾ ಅಂತ ತೀರ್ಮಾನಿಸುತ್ತಾರೆ. ನನ್ನದು ಬಿಪಿಗೆ ಒಂದೇ ಅಂಕ, ಕೊಡಬಹುದು ಬಿಡಬಹುದು ಅನ್ನುವ ಗೆರೆ ಮೇಲೆ ಇತ್ತು. ಶಿವರಾತ್ರಿ ಹೊತ್ತಿಗೆ ಆ ಪ್ರಶ್ನೆ ತಾನಾಗಿ ಬಗೆಹರಿಯಿತು. ಒಂದು ದಿನ ಶುರುವಾದ ಎಎಫ್ ನಿಲ್ಲಲೇ ಇಲ್ಲ. ದರೆ ಹತ್ತಿದರೆ ಏದುಸಿರು. ಶಾಕ್ ಕೊಟ್ಟು ತಾಳ ಸರಿ ಮಾಡೋಣ ಅಂದರು.

ಶಾಕ್ ಅಂದರೆ ತಕ್ಷಣ ಕೊಡುವುದಲ್ಲ. ಎಎಫ್ ಶುರುವಾಗಿ 48 ಗಂಟೆ ಮೀರಿದ್ದರೆ ಕನಿಷ್ಠ ಮೂರು ವಾರ ರಕ್ತ ತೆಳು ಮಾಡುವ ಮಾತ್ರೆ ತಪ್ಪದೆ ತೆಗೆದುಕೊಂಡಿರಬೇಕು, ಇಲ್ಲವೇ ಗಂಟಲಿನಿಂದ ನಳಿಗೆ ಇಳಿಸಿ ಎಕೋ ಮಾಡಿ ಹೆಪ್ಪು ಇಲ್ಲ ಅಂತ ನೋಡಬೇಕು. ನಡುವೆ ಡೋಸ್ ಬಿಟ್ಟರೆ ಮೂರು ವಾರ ಮೊದಲಿಂದ ಎಣಿಸಬೇಕು ಅಂತ ಎಚ್ಚರಿಸಿದ್ದರು. ಹೆಂಡತಿ ಕ್ಯಾಲೆಂಡರಿನಲ್ಲಿ ಬೆಳಗ್ಗೆ ಒಂದು ಗೀಟು, ರಾತ್ರಿ ಒಂದು ಗೀಟು ಹಾಕಿದಳು. ನನ್ನ ರಕ್ತ ತೆಳು ಮಾಡುವ ಮಾತ್ರೆ ಅಪಿಕ್ಸಬಾನ್, ದಿನಕ್ಕೆ ಎರಡು. ಮೊದಲು ಬರೆದ ಬ್ರ್ಯಾಂಡಿಗೆ ತಿಂಗಳಿಗೆ ಎರಡು ಸಾವಿರದ ಹತ್ತಿರ ಆಗುತ್ತಿತ್ತು. ಡಾಕ್ಟರನ್ನು ಕೇಳಿ ಬೇರೆ ಕಂಪನಿಯ ಅದೇ ಔಷಧಿಗೆ ಬದಲಿಸಿದೆವು, ಅರ್ಧಕ್ಕಿಂತ ಕಡಿಮೆಗೆ ಬಂತು. ಕೇಳಲು ಸಂಕೋಚ ಬೇಡ. ಚಿಕ್ಕಮ್ಮನಿಗೆ ಕವಾಟದ ತೊಂದರೆ ಇರುವುದರಿಂದ ಹಳೆಯ ವಾರ್ಫರಿನ್ನೇ ಆಗಬೇಕು. ಅದಕ್ಕೆ ಆಗಾಗ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ರಕ್ತಪರೀಕ್ಷೆ, ಸೊಪ್ಪು ತಿನ್ನುವುದರಲ್ಲೂ ಹೆಚ್ಚುಕಮ್ಮಿ ಮಾಡುವಂತಿಲ್ಲ. ಒಬ್ಬರ ಮಾತ್ರೆ ನೋಡಿ ಇನ್ನೊಬ್ಬರು ಬದಲಿಸಿಕೊಳ್ಳಬೇಡಿ.

ಕಾಗದಪತ್ರದ ಕತೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ನೆನೆಸಿಕೊಂಡರೆ ಈಗಲೂ ಬಡಿತ ಏರುತ್ತದೆ. ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ ಐದು ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟು, ಒಂದೂವರೆ ಲಕ್ಷದ ಮಿತಿಯಲ್ಲಿ. ನಮ್ಮದು ಎಪಿಎಲ್. ಅಡ್ಮಿಟ್ ಆಗದೆ ಮಾಡಿಸಿದ ಎಕೋ, ಹೋಲ್ಟರ್, ಸಿಟಿ ಯಾವುದಕ್ಕೂ ನನಗೆ ಏನೂ ಸಿಗಲಿಲ್ಲ. ಕೈಯಿಂದಲೇ ಹೋಯಿತು. ಶಾಕ್ ಚಿಕಿತ್ಸೆಗೆ ಕೇಳೋಣ ಅಂದರೆ ಆಧಾರಿನಲ್ಲಿ ನನ್ನ ಹೆಸರಿಗೆ ಅಪ್ಪನ ಹೆಸರು ಪೂರ್ತಿ ಇದೆ, ರೇಷನ್ ಕಾರ್ಡಿನಲ್ಲಿ ಬರೀ ಇನಿಷಿಯಲ್. ಎರಡೂ ಒಬ್ಬನೇ ಅಂತ ಒಪ್ಪಿಸಲು ಕೊಯ್ಲು ಬಿಟ್ಟು ಓಡಾಡಿದೆ. ಸರ್ವರ್ ಇಲ್ಲ, ಸಾಹೇಬರಿಲ್ಲ, ನಾಳೆ ಬನ್ನಿ. ಸಹಕಾರ ಸಂಘದ ಮೆಂಬರುಗಳಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆಯಲ್ಲ ಅಂತ ವಿಚಾರಿಸಿದರೆ ಆ ವರ್ಷದ ನೋಂದಣಿ ಮುಗಿದಿತ್ತು. ಕಾಯಿಲೆ ಬಂದ ಮೇಲೆ ಕಾರ್ಡ್ ಹುಡುಕುವ ಬದಲು ಈಗಲೇ ಮನೆಯವರೆಲ್ಲರ ಆಧಾರ್, ರೇಷನ್ ಕಾರ್ಡು ಪಕ್ಕಪಕ್ಕ ಇಟ್ಟು ಹೆಸರು ಹೊಂದುತ್ತಾ ನೋಡಿಕೊಳ್ಳಿ. ಕೊನೆಗೆ ಶಾಕಿನ ಖರ್ಚನ್ನೂ, ಇಪ್ಪತ್ತೈದು ಸಾವಿರದ ಆಸುಪಾಸು, ಅಡಿಕೆ ಮಂಡಿಯಿಂದ ಮುಂಗಡ ತಂದೇ ಕಟ್ಟಿದೆ.

ಶಾಕಿನ ದಿನ ಬೆಳಗ್ಗೆಯಿಂದ ಉಪವಾಸ. ಎದೆಗೆ ಒಂದು, ಬೆನ್ನಿಗೆ ಒಂದು ದೊಡ್ಡ ಅಂಟುಪಟ್ಟಿ. ಎದೆಯ ಕೂದಲು ಬೋಳಿಸಿದರು. ಜೀವಕ್ಕೆ ಅಪಾಯ ಆದರೆ ಅನ್ನುವ ಕಾಗದಕ್ಕೆ ಸಹಿ ಹಾಕುವಾಗ ಹೆಂಡತಿಯ ಕೈ ನಡುಗಿ ಅಕ್ಷರ ಗೆರೆ ದಾಟಿತು. ಕೈಗೆ ಮಂಪರಿನ ಇಂಜೆಕ್ಷನ್ ಕೊಟ್ಟರು. ಅಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಎಲ್ಲ ಮುಗಿದಿತ್ತು, ಮಾನಿಟರಿನ ಟಿಕ್ ಟಿಕ್ ಒಂದೇ ಸಮ. ಪಟ್ಟಿ ಅಂಟಿಸಿದ ಜಾಗ ಕೆಂಪಾಗಿ ಎರಡು ದಿನ ಉರಿಯಿತು. ಸಂಜೆಗೆ ಮನೆಗೆ ಬಿಟ್ಟರು. ತಾಳ ಸರಿಯಾದರೂ ಮೇಲಿನ ಕೋಣೆ ಸ್ವಲ್ಪ ದಿನ ಜೋಮು ಹಿಡಿದಂತೆ ಇರುತ್ತದೆ, ಹೆಪ್ಪಿನ ಅಪಾಯ ಆಗಲೂ ಇರುತ್ತದೆ, ಅದಕ್ಕೆ ಆಮೇಲೆ ಕನಿಷ್ಠ ನಾಲ್ಕು ವಾರ ಮಾತ್ರೆ ನಿಲ್ಲಿಸುವಂತಿಲ್ಲ. ಸರಿಹೋಯಿತು ಅಂತ ಮಾತ್ರೆ ಬಿಡುವವರೇ ಜಾಸ್ತಿಯಂತೆ.

ರಕ್ತ ತೆಳು ಮಾಡುವ ಮಾತ್ರೆ ನುಂಗಿಕೊಂಡು ಮಲೆನಾಡಿನ ಮಳೆಗಾಲ ಕಳೆಯುವುದು ಒಂದು ಬೇರೆಯೇ ಅನುಭವ. ಕಾರಣ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಉಂಬಳದ ಜೊಲ್ಲಿನಲ್ಲೇ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಪದಾರ್ಥ ಇದೆ, ಮೊದಲೇ ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ. ಮೇಲಿಂದ ನನ್ನ ಮಾತ್ರೆ. ಆಷಾಢದಲ್ಲಿ ಒಂದು ದಿನ ತೋಟದಿಂದ ಬಂದು ಜಗಲಿ ಮೇಲೆ ಕಾಲಿಟ್ಟರೆ ಹೆಜ್ಜೆ ಹೆಜ್ಜೆಗೂ ಕೆಂಪು. ಡಾಕ್ಟರಿಗೆ ಫೋನ್ ಮಾಡಿದೆ. ಶುಭ್ರ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ ಅಂದರು. ನಿಂತಿತು. ಈಗ ಉದ್ದ ಕಾಲುಚೀಲ, ಗಂಬೂಟು. ಕತ್ತಿ ಕೆಲಸ ಮಾಡುವಾಗ ಕೈಗವಸು. ಇನ್ನೊಂದು ಮುಖ್ಯ, ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳನ್ನು ಕೇಳದೆ ಮುಟ್ಟಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹಲ್ಲು ಕೀಳಿಸುವಾಗಲೂ ಈ ಮಾತ್ರೆಯ ವಿಷಯ ಮೊದಲೇ ಹೇಳಿ.

ಉಳಿದದ್ದು ಕೊಬ್ಬಿನ ಲೆಕ್ಕ. ಶಾಕ್ ಕೊಟ್ಟು ಸರಿ ಮಾಡಿದ ತಾಳ ಉಳಿಯಬೇಕಾದರೆ ತೂಕ ಇಳಿಯಬೇಕು, ಹೃದಯದ ಸುತ್ತಲಿನ ಕೊಬ್ಬೂ ಅದರ ಜೊತೆಗೇ ಇಳಿಯುತ್ತದೆ ಅಂದರು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಎಎಫ್ ಇದ್ದ ದಪ್ಪ ಮೈಯವರನ್ನು ಐದು ವರ್ಷ ಗಮನಿಸಿ 2015ರಲ್ಲಿ ಬರೆದ ವರದಿ ಇದೆ. ತೂಕದ ಹತ್ತರಲ್ಲಿ ಒಂದು ಪಾಲು ಇಳಿಸಿ ಹಾಗೇ ಉಳಿಸಿಕೊಂಡವರು ತಾಳ ತಪ್ಪದೆ ಇರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಆರು ಪಟ್ಟು. ಇಳಿದು ಏರಿ ಇಳಿದು ಏರಿ ಮಾಡಿದವರಿಗೆ ಅಷ್ಟು ಲಾಭ ಆಗಲಿಲ್ಲ. ನಾನು 77 ಕಿಲೋ ಇದ್ದವನು ಈಗ 70. ನಮ್ಮ ಕಡೆ ಇದು ಸುಲಭ ಅಲ್ಲ. ಬೆಳಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ಮಳೆ ಬಂದರೆ ಹಲಸಿನ ಹಪ್ಪಳ. ಯಾರ ಮನೆಗೆ ಹೋದರೂ ಸಕ್ಕರೆ ಹಾಕಿದ ಕಾಫಿ ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಕಡುಬು ಎರಡಕ್ಕೆ ಇಳಿಯಿತು, ರಾತ್ರಿಯ ಅನ್ನ ಹೋಗಿ ಪಲ್ಯ, ಹೆಸರುಕಾಳು ಬಂತು. ತೋಟದಲ್ಲಿ ಓಡಾಡ್ತೀನಲ್ಲ ಅನ್ನುವ ನನ್ನ ವಾದಕ್ಕೆ ಡಾಕ್ಟರ್ ಸೊಪ್ಪು ಹಾಕಲಿಲ್ಲ. ನಿಂತು ಆಳುಗಳಿಗೆ ಹೇಳುವುದು ನಡಿಗೆಯಲ್ಲ ಅಂದರು. ಈಗ ದಿನಾ ಸಂಜೆ ರಸ್ತೆಗೆ ಹೋಗಿ ಬೀಸಿ ನಡೆಯುತ್ತೇನೆ. ಮೊದಮೊದಲು ಬೈಕಿನವರು ನಿಲ್ಲಿಸಿ, "ಎಲ್ಲಿಗೆ ಹೊರಟ್ರಿ, ಹತ್ಕೊಳ್ಳಿ" ಅನ್ನುತ್ತಿದ್ದರು.

ಗುಂಡು ಪೂರ್ತಿ ಬಂದ್. ಕವಳವೂ ಹೋಯಿತು. ಹೊಗೆಸೊಪ್ಪು ಬಿಡಿ ಅಂದದ್ದಕ್ಕೆ ಒಪ್ಪಿದೆ, ಅಡಿಕೆಯನ್ನೂ ಬಿಡಿ ಅಂದಾಗ, "ಸಾರ್, ನಿಮ್ಮ ಫೀಸು ಬರೋದೇ ಅದ್ರಿಂದ" ಅಂದೆ. ಬೆಳೆದು ಮಾರಿ, ತಿನ್ನಬೇಡಿ ಅಂದರು.

ಗೊರಕೆಗೆ ಮನೆಯಲ್ಲೇ ಬೆರಳಿಗೆ, ಮೂಗಿಗೆ ಸಿಕ್ಕಿಸಿಕೊಂಡು ಮಲಗುವ ಯಂತ್ರ ಕೊಟ್ಟರು. ನಿದ್ದೆಯಲ್ಲಿ ಉಸಿರು ನಿಲ್ಲುವುದು ನಿಜ ಅಂತ ಅದರಲ್ಲಿ ಬಂತು. ಅದಕ್ಕೆ ರಾತ್ರಿ ಗಾಳಿ ಒತ್ತುವ ಇನ್ನೊಂದು ಯಂತ್ರದ ಮಾಸ್ಕ್ ಹಾಕಿಕೊಂಡು ಮಲಗಬೇಕು. ಯಂತ್ರ ದುಬಾರಿ, ಅದಕ್ಕಿಂತ ಕಷ್ಟ ನಮ್ಮೂರಿನ ಕರೆಂಟು. ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಎರಡು ದಿನ ಇಲ್ಲ. ಯಂತ್ರಕ್ಕೆ ಅಂತಲೇ ಯುಪಿಎಸ್ ಬ್ಯಾಟರಿ ಬದಲಿಸಬೇಕಾಯಿತು. ಈ ಖರ್ಚನ್ನು ಯಾರೂ ಮೊದಲು ಹೇಳುವುದಿಲ್ಲ. ಮನೆಯಲ್ಲಿ ಬಿಪಿ ನೋಡುವ ಯಂತ್ರವೂ ಬಂದಿದೆ. ತಾಳ ತಪ್ಪಿದ್ದಾಗ ಅದು ಒಂದೊಂದು ಸಲ ಒಂದೊಂದು ತೋರಿಸುತ್ತದೆ, ಮೂರು ಸಲ ನೋಡಿ ಸರಾಸರಿ ಬರೆದುಕೊಳ್ಳಬೇಕು.

ಶಾಕ್ ಆದ ಮೇಲೆ ಒಂದು ಸಲ ಮಾತ್ರ, ನವರಾತ್ರಿಯಲ್ಲಿ ನಿದ್ದೆಗೆಟ್ಟ ರಾತ್ರಿ, ಸ್ವಲ್ಪ ಹೊತ್ತು ತಾಳ ತಪ್ಪಿತು. ಮೊದಲಿನ ಹಾಗೆ ಹೆದರಲಿಲ್ಲ. ನಾಡಿ ಹಿಡಿದು ಎಣಿಸಿ, ಹೊತ್ತು ಬರೆದಿಟ್ಟೆ. ಮತ್ತೆ ಮತ್ತೆ ಬಂದರೆ ಅಬ್ಲೇಶನ್ ಮಾಡಿಸಬೇಕಾಗಬಹುದು ಅಂದಿದ್ದಾರೆ. ತೊಡೆಯ ರಕ್ತನಾಳದಿಂದ ತಂತಿ ಕಳಿಸಿ, ಶ್ವಾಸಕೋಶದಿಂದ ರಕ್ತ ತರುವ ನಾಳಗಳ ಬಾಯಿಯ ಸುತ್ತ ಸುಟ್ಟು ಕಳ್ಳ ಕರೆಂಟನ್ನು ತಡೆಯುವುದು. ಅದಕ್ಕೆ ಬೆಂಗಳೂರಿಗೆ ಹೋಗಬೇಕು, ಖರ್ಚು ಲಕ್ಷಗಳಲ್ಲಿ. ಅದನ್ನು ಮಾಡಿಸಿದರೂ ತೂಕ ಏರಿದರೆ ತೊಂದರೆ ಮರಳುವ ಸಾಧ್ಯತೆ ಹೆಚ್ಚಂತೆ. ಆ ತೀರ್ಮಾನ ಮುಂದಿನ ಹೋಲ್ಟರ್ ನೋಡಿ. ಹೆಸರು ಸರಿಪಡಿಸಿದ ರೇಷನ್ ಕಾರ್ಡ್ ಕಳೆದ ವಾರ ಕೈಗೆ ಬಂತು, ಈ ಸಲ ಯಶಸ್ವಿನಿಗೂ ಅರ್ಜಿ ಕೊಟ್ಟಿದ್ದೇನೆ. ರಕ್ತ ತೆಳು ಮಾಡುವ ಮಾತ್ರೆ ಸದ್ಯಕ್ಕೆ ಮುಂದುವರಿಯುತ್ತದೆ.